ಹೊರೆಯ ಅಡಿಯಲ್ಲಿ ನಿಲ್ಲುವುದು: ಶಿಲುಬೆ ಮತ್ತು ಸೈರಣೆ ಕುರಿತ ಅಧ್ಯಯನ ಟಿಪ್ಪಣಿ

ಈ ತಪಸ್ಸುಕಾಲದಲ್ಲಿ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ-ಪ್ರಾರ್ಥನೆಯ ದಿನಗಳು) ಹಾಸನದ ನಾವು ಹತ್ತು ಹನ್ನೆರಡು ಮಂದಿ ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದುತ್ತಿದ್ದೇವೆ. ಕಥೋಲಿಕರೂ ಇದ್ದೇವೆ, ಸಿಎಸ್‌ಐ ಎಂಬ ಪ್ರೊಟೆಸ್ಟಂಟ್ ಸಭೆಯವರೂ ಇದ್ದಾರೆ. ಹಾಗಾಗಿ ಒಬ್ಬರ ಕೈಯಲ್ಲಿ ಹಳೆಯ ಸತ್ಯವೇದ, ಇನ್ನೊಬ್ಬರ ಕೈಯಲ್ಲಿ ಹೊಸ ಅನುವಾದ. ಒಂದೇ ವಚನ ಎರಡು ಥರ ಕೇಳಿಸಿದಾಗ ಅಲ್ಲೇ ಚರ್ಚೆ ಹುಟ್ಟಿಕೊಳ್ಳುತ್ತದೆ. ಕಳೆದ ವಾರ ಓದಿದ್ದು ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದ ಮೊದಲ ಮೂರು ವಚನ, ಜೊತೆಗೆ ಯೋಹಾನ 19. ಬರಲಾಗದವರಿಗೂ, ಬಂದು ಬರೆದುಕೊಳ್ಳಲಾಗದವರಿಗೂ ಈ ಟಿಪ್ಪಣಿ.

ಓದು ಮುಗಿಯುತ್ತಿದ್ದಂತೆ ಗುಂಪಿನ ಒಬ್ಬ ಅಕ್ಕ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅವರ ಯಜಮಾನರಿಗೆ ಲಕ್ವ ಹೊಡೆದು ಆರು ವರ್ಷವಾಯಿತು. ಏಳಿಸುವುದು, ಕೂರಿಸುವುದು, ತಿನ್ನಿಸುವುದು ಎಲ್ಲ ಇವರೇ. “ಯೇಸುಸ್ವಾಮಿ ಎಲ್ಲಾನೂ ಹೊತ್ತು ತೀರಿಸಿಬಿಟ್ರು ಅಂತೀರಲ್ಲ ಅಣ್ಣ, ಮತ್ತೆ ನಾನ್ಯಾಕೆ ಇನ್ನೂ ಹೊರ್ತಾ ಇದ್ದೀನಿ?” ಯಾರೂ ತಕ್ಷಣ ಬಾಯಿ ತೆರೆಯಲಿಲ್ಲ. ಆಮೇಲೆ ನಡೆದ ಒಂದೂವರೆ ಗಂಟೆಯ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ ಸುತ್ತಿತು. ನಾನು ಮನೆಗೆ ಬಂದು ಓದಿದ್ದನ್ನೂ ಇಲ್ಲಿ ಸೇರಿಸಿದ್ದೇನೆ.

ಒಂದೇ ಪದ, ಮೂರು ವಚನ

ನಮ್ಮ ಕನ್ನಡ ಬೈಬಲಿನಲ್ಲಿ ಇಬ್ರಿಯ 12:1ರಲ್ಲಿ ನಮಗೆ ನೇಮಕವಾದ ಓಟವನ್ನು ‘ಸ್ಥಿರಚಿತ್ತದಿಂದ’ ಓಡಬೇಕು ಎಂದಿದೆ. ಮುಂದಿನ ವಚನದಲ್ಲಿ ಯೇಸುಸ್ವಾಮಿ ಶಿಲುಬೆಯ ಮರಣವನ್ನು ‘ಸಹಿಸಿಕೊಂಡರು’ ಎಂದಿದೆ. ಕನ್ನಡದಲ್ಲಿ ಓದಿದರೆ ಎರಡೂ ಬೇರೆ ಬೇರೆ ಸಂಗತಿ ಅನ್ನಿಸುತ್ತದೆ. ಒಂದು ಮನಸ್ಸಿನ ಗಟ್ಟಿತನ, ಇನ್ನೊಂದು ನೋವು ತಿನ್ನುವುದು. ಗ್ರೀಕ್ ಮೂಲದಲ್ಲಿ ಎರಡಕ್ಕೂ ಬೇರು ಒಂದೇ. ನಾಮಪದವಾದಾಗ ‘ಹುಪೊಮೊನೆ’, ಕ್ರಿಯಾಪದವಾದಾಗ ‘ಹುಪೊಮೆನೊ’. ‘ಹುಪೊ’ ಅಂದರೆ ಅಡಿ, ಕೆಳಗೆ. ‘ಮೆನೊ’ ಅಂದರೆ ಇರು, ನಿಲ್ಲು, ಉಳಿ. ಒಟ್ಟಿಗೆ ಸೇರಿದರೆ ಅಡಿಯಲ್ಲೇ ನಿಲ್ಲುವುದು. ಮೂರನೆಯ ವಚನದಲ್ಲಿ ಪಾಪಿಗಳ ವಿರೋಧವನ್ನು ಅವರು ಸಹಿಸಿದರು ಎನ್ನುವಲ್ಲಿಯೂ ಅದೇ ಕ್ರಿಯಾಪದ. ಎರಡು ಅಧ್ಯಾಯ ಹಿಂದೆ ಹೋದರೆ, 10:36ರಲ್ಲಿ, ನಿಮಗೆ ಬೇಕಾಗಿರುವುದು ಸೈರಣೆ ಎನ್ನುವಾಗಲೂ ಅದೇ ನಾಮಪದ.

ಪತ್ರ ಬರೆದವರು ಓದುಗರಿಗೆ ಇನ್ನೂ ಸ್ವಲ್ಪ ಹಲ್ಲು ಕಚ್ಚಿ ಹಿಡಿಯಿರಿ ಎಂದಷ್ಟೇ ಹೇಳಿ ಬಿಟ್ಟಿಲ್ಲ. ನಿಮ್ಮಿಂದ ಯಾವುದನ್ನು ಕೇಳುತ್ತಿದ್ದೇನೋ ಅದನ್ನೇ ಯೇಸುಸ್ವಾಮಿ ಮೊದಲು ಮಾಡಿದರು ಎನ್ನುತ್ತಿದ್ದಾರೆ, ಅದೂ ಅದೇ ಶಬ್ದದಲ್ಲಿ. ಈ ಕೊಂಡಿ ಕನ್ನಡದಲ್ಲಿ ಕಳಚಿಹೋಗಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ನಿಮ್ಮ ಬೈಬಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಎರಡೂ ಪದಗಳಿಗೆ ಒಂದು ಗೆರೆ ಎಳೆದು ಸೇರಿಸಿಟ್ಟುಕೊಳ್ಳಿ.

ಇಲ್ಲಿ ನನ್ನ ಅವ್ವನ ನೆನಪು ಹೇಳಬೇಕು. ಅವಳು ಸಕಲೇಶಪುರದ ಕಡೆ ತೋಟದಲ್ಲಿ ಕಾಫಿ ಹಣ್ಣು ಬಿಡಿಸುತ್ತಿದ್ದಳು. ಸಂಜೆ ತೂಕ ಹಾಕುವ ಜಾಗಕ್ಕೆ ಹಣ್ಣಿನ ಚೀಲವನ್ನು ತಲೆಯ ಮೇಲೆ ಹೊತ್ತು ತರಬೇಕು. ಹಳೇ ಸೀರೆಯ ತುಂಡನ್ನು ಉಂಗುರದ ಹಾಗೆ ಸುತ್ತಿ ಸಿಂಬೆ ಮಾಡುತ್ತಿದ್ದಳು. ಇಬ್ಬರು ಆಚೆ ಈಚೆ ನಿಂತು ಚೀಲ ಎತ್ತಿ ಹೊರಿಸುತ್ತಿದ್ದರು. ಹೊರೆ ತಲೆಗೆ ಕೂತ ಮೊದಲ ಕ್ಷಣದಲ್ಲಿ ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು, ಮೊಣಕಾಲು ಒಂದಿಷ್ಟು ಬಾಗುತ್ತಿತ್ತು. ಆಮೇಲೆ ಬೆನ್ನು ನೆಟ್ಟಗಾಗುತ್ತಿತ್ತು. ಇಳಿಜಾರಿನ ಕಾಲುದಾರಿ, ಮಳೆ ಬಿದ್ದಿದ್ದರೆ ಜಾರಿಕೆ ಬೇರೆ. “ಹೊರೆ ಹೊತ್ತಾಗ ಹೊರೆ ನೆನೀಬಾರ್ದು ಕಣೋ, ದಾರಿ ನೋಡ್ಬೇಕು” ಅನ್ನುತ್ತಿದ್ದಳು. ‘ಹುಪೊಮೊನೆ’ ಎಂಬ ಪದದ ಅರ್ಥವನ್ನು ನಾನು ಪುಸ್ತಕದಲ್ಲಿ ಓದಿದ್ದು ಬಹಳ ತಡವಾಗಿ. ಅವ್ವನ ಕುತ್ತಿಗೆಯಲ್ಲಿ ಅದನ್ನು ಮೊದಲೇ ಕಂಡಿದ್ದೆ.

ಇಬ್ರಿಯ 12:2ರಲ್ಲೂ ಅದೇ ಇದೆ. ಸೈರಣೆಯಿಂದ ಓಡಿ ಎಂದ ಮರುಕ್ಷಣವೇ ಯೇಸುವಿನ ಮೇಲೆ ದೃಷ್ಟಿಯಿಡಿ ಎಂಬ ಮಾತು ಬರುತ್ತದೆ. ಅಲ್ಲಿರುವ ಗ್ರೀಕ್ ಪದಕ್ಕೆ ಬೇರೆ ಎಲ್ಲದರಿಂದ ಕಣ್ಣು ಕಿತ್ತು ಒಂದರ ಮೇಲೆ ನೆಡುವುದು ಎಂಬ ಅರ್ಥವಿದೆ. ಎಷ್ಟು ಭಾರ, ಎಷ್ಟು ವರ್ಷ ಎಂದು ಲೆಕ್ಕ ಹಾಕುತ್ತಾ ಕೂತರೆ ಕಾಲು ಮುಂದೆ ಹೋಗುವುದಿಲ್ಲ.

ಶಿಲುಬೆ ಅಂದರೆ ಆಗ ಏನಾಗಿತ್ತು

ನಮಗೆ ಶಿಲುಬೆ ಎಂದರೆ ಕೊರಳಿನ ಸರ, ಗುಡಿಯ ಶಿಖರ, ಮನೆಯ ಬಾಗಿಲ ಮೇಲಿನ ಗುರುತು. ಮೊದಲ ಶತಮಾನದವರಿಗೆ ಅದು ಹೆಸರೆತ್ತಲೂ ಅಸಹ್ಯಪಡುವ ಸಂಗತಿ. ರೋಮನ್ನರು ಮುಖ್ಯವಾಗಿ ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಕ್ಷೆ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ಗುಲಾಮರ ದಂಗೆ ಅಡಗಿಸಿದಾಗ ಸೆರೆಸಿಕ್ಕ 6,000 ಮಂದಿಯನ್ನು ಕಾಪುವಾದಿಂದ ರೋಮಿನವರೆಗಿನ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಿದರು. ದಾರಿಹೋಕರೆಲ್ಲ ನೋಡಲಿ, ಹೆದರಲಿ ಎಂಬುದೇ ಉದ್ದೇಶ. ಬಟ್ಟೆ ಬಿಚ್ಚಿ, ಊರ ಹೊರಗೆ, ಓಡಾಟದ ದಾರಿಯ ಪಕ್ಕದಲ್ಲಿ.

1968ರಲ್ಲಿ ಯೆರೂಸಲೇಮಿನ ಉತ್ತರಕ್ಕಿರುವ ಗಿವಾತ್ ಹಮಿವ್ತಾರ್ ಎಂಬಲ್ಲಿ ಮೂಳೆಗಳನ್ನಿಡುವ ಒಂದು ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಯೆಹೋಹಾನಾನ್ ಎಂಬ ಹೆಸರು ಅದರ ಮೇಲಿತ್ತು. ಒಳಗಿದ್ದ ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು. ಮೊಳೆಯ ತುದಿ ಬಾಗಿದ್ದರಿಂದ ಹೆಣ ಇಳಿಸಿದವರಿಗೆ ಅದನ್ನು ಕೀಳಲಾಗಿರಲಿಲ್ಲ. ಯೇಸುಸ್ವಾಮಿಯ ಕಾಲಕ್ಕೆ ಹತ್ತಿರದ ಒಬ್ಬ ಮನುಷ್ಯನ ಹಿಮ್ಮಡಿ ಅದು. ಚಿತ್ರ ನೋಡಿದವರೆಲ್ಲ ನಮ್ಮ ಗುಂಪಿನಲ್ಲಿ ಸುಮ್ಮನಾಗಿಬಿಟ್ಟರು. ಶಿಲುಬೆಯ ಬಗ್ಗೆ ಮಾತಾಡುವ ಮುಂಚೆ ಆ ಮೊಳೆಯನ್ನು ಒಂದು ನಿಮಿಷ ನೆನೆಯುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ.

ಯೆಹೂದ್ಯರಿಗೆ ಇನ್ನೊಂದು ತೊಡಕಿತ್ತು. ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿಯಾದವನು ಎಂದು ಧರ್ಮೋಪದೇಶಕಾಂಡ 21:23 ಹೇಳುತ್ತದೆ. ಹಾಗೆ ಸತ್ತವನನ್ನು ಮೆಸ್ಸೀಯ, ಅಂದರೆ ದೇವರು ಕಳಿಸಿದ ರಕ್ಷಕ, ಎನ್ನುವುದು ಹೇಗೆ? ಮೊದಲ ಸಭೆಗಳಿಗೆ ಪತ್ರಗಳನ್ನು ಬರೆದ ಪ್ರೇಷಿತ ಪೌಲ ಈ ವಚನವನ್ನು ಮುಚ್ಚಿಡುವುದಿಲ್ಲ. ಗಲಾತ್ಯ 3:13ರಲ್ಲಿ ಅದನ್ನೇ ಎತ್ತಿಕೊಂಡು, ಹೌದು, ಕ್ರಿಸ್ತ ನಮಗೋಸ್ಕರ ಶಾಪವಾದರು, ನಮ್ಮನ್ನು ಬಿಡಿಸಿದರು ಎನ್ನುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಶಿಲುಬೆ ಯೆಹೂದ್ಯರಿಗೆ ಎಡವುಗಲ್ಲು, ಅನ್ಯಜನರಿಗೆ ಹುಚ್ಚುತನ ಎಂದು ಅವನೇ ಒಪ್ಪಿಕೊಳ್ಳುತ್ತಾನೆ (1:23). ಫಿಲಿಪ್ಪಿ 2:8ರಲ್ಲಿ ‘ಮರಣ ಹೊಂದುವಷ್ಟು’ ಎಂದು ನಿಲ್ಲಿಸದೆ ‘ಶಿಲುಬೆಯ ಮರಣವನ್ನಾದರೂ’ ಎಂದು ಸೇರಿಸುತ್ತಾನೆ. ಆ ಕೊನೆಯ ಮಾತು ಕೇಳಿದಾಗ ಅಂದಿನವರ ಮೈ ಜುಮ್ಮೆಂದಿರಬೇಕು.

ಶಿಲುಬೆ ನಮ್ಮನ್ನು ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ ಸಭೆಯ ಇತಿಹಾಸದಲ್ಲಿ ಹಲವು ವಿವರಣೆಗಳಿವೆ: ನಮ್ಮ ಬದಲಿಗೆ ಅನುಭವಿಸಿದ ಶಿಕ್ಷೆ, ದುಷ್ಟಶಕ್ತಿಗಳ ಮೇಲಿನ ಜಯ, ಪ್ರೀತಿಯ ತೋರಿಕೆ. ಮೂರಕ್ಕೂ ಹೊಸ ಒಡಂಬಡಿಕೆಯಲ್ಲಿ ಆಧಾರವಿದೆ, ಒಂದನ್ನು ಹಿಡಿದು ಉಳಿದದ್ದನ್ನು ಬಿಸಾಡಬೇಕಾಗಿಲ್ಲ. ಅದನ್ನು ಇನ್ನೊಂದು ವಾರ ವಿವರವಾಗಿ ನೋಡುವುದೆಂದು ಬಿಟ್ಟೆವು.

‘ತೀರಿತು’

ಈಗ ಅಕ್ಕನ ಪ್ರಶ್ನೆಗೆ. ಯೋಹಾನ 19:30ರಲ್ಲಿ ಯೇಸುಸ್ವಾಮಿ ಪ್ರಾಣ ಬಿಡುವ ಮುಂಚೆ ಆಡಿದ ಮಾತು ಗ್ರೀಕಿನಲ್ಲಿ ಒಂದೇ ಪದ: ‘ತೆತೆಲೆಸ್ತಾಯ್’. ಹಳೆಯ ಕನ್ನಡ ಬೈಬಲಿನಲ್ಲಿ ಅದೂ ಒಂದೇ ಪದ: ‘ತೀರಿತು’. ನನಗೆ ಈ ಅನುವಾದ ಬಹಳ ಇಷ್ಟ. ಯಾಕೆಂದರೆ ಕನ್ನಡದ ‘ತೀರು’ ಎಷ್ಟೊಂದು ಕಡೆ ಕೈ ಚಾಚುತ್ತದೆ ನೋಡಿ. ತಾತ ತೀರಿಕೊಂಡರು ಅನ್ನುತ್ತೇವೆ, ಸಾಲ ತೀರಿತು ಅನ್ನುತ್ತೇವೆ, ಬಾಯಾರಿಕೆ ತೀರಿತು ಅನ್ನುತ್ತೇವೆ. ಕೋರ್ಟಿನಲ್ಲಿ ಕೊಡುವುದು ತೀರ್ಪು. ಎರಡು ವಚನ ಹಿಂದೆ, 19:28ರಲ್ಲಿ, ಅವರು ‘ನನಗೆ ನೀರಡಿಕೆಯಾಗಿದೆ’ ಎಂದಿದ್ದನ್ನು ನೆನಪಿಟ್ಟುಕೊಂಡು ಓದಿದರೆ ಈ ಪದ ಇನ್ನೂ ಆಳಕ್ಕೆ ಇಳಿಯುತ್ತದೆ.

ಒಂದು ತಿದ್ದುಪಡಿ. ಆ ಕಾಲದಲ್ಲಿ ಸಾಲ ಕಟ್ಟಿದ ರಸೀದಿಯ ಮೇಲೆ ಇದೇ ಗ್ರೀಕ್ ಪದ ಬರೆಯುತ್ತಿದ್ದರು ಅಂತ ಪ್ರಸಂಗಗಳಲ್ಲಿ ಕೇಳಿದ್ದೇವೆ, ನಾನೇ ಒಂದೆರಡು ಸಲ ಹೇಳಿದ್ದೇನೆ. ಆ ಮಾತಿನ ಆಧಾರ ಗಟ್ಟಿಯಾದದ್ದಲ್ಲ, ಅದನ್ನು ನೆಚ್ಚುವ ಅಗತ್ಯವೂ ಇಲ್ಲ. ಗ್ರೀಕ್ ಪದದ ಜೀವ ಇರುವುದು ಗುರಿ ಮುಟ್ಟುವುದರಲ್ಲಿ, ಕೈಗೆತ್ತಿಕೊಂಡ ಕೆಲಸ ಪೂರ್ತಿಯಾಗುವುದರಲ್ಲಿ. ಸಾಲದ ಚಿತ್ರ ಬೇಕಿದ್ದರೆ ಕೊಲೊಸ್ಸೆ 2:14 ಇದೆ. ನಮ್ಮ ವಿರುದ್ಧವಿದ್ದ ಸಾಲಪತ್ರವನ್ನು ದೇವರು ಶಿಲುಬೆಗೆ ಮೊಳೆ ಹೊಡೆದು ಇಲ್ಲದ ಹಾಗೆ ಮಾಡಿದರು ಎಂದು ಅಲ್ಲಿ ನೇರವಾಗಿಯೇ ಇದೆ.

ಹಾಗಾದರೆ ಅಕ್ಕ ಈಗ ಹೊರುತ್ತಿರುವುದೇನು? ಅವರ ಮಾತಿನ ಒಳಗೆ ಒಂದು ಭಯವಿತ್ತು. ಅದನ್ನು ಆಮೇಲೆ ಅವರೇ ಹೇಳಿಕೊಂಡರು. ಹಿಂದೆ ಮಾಡಿದ ಯಾವುದೋ ತಪ್ಪಿಗೆ ಈ ಆರು ವರ್ಷ ದಂಡವೋ ಏನೋ ಎಂಬ ಭಯ. ನಮ್ಮ ಊರುಗಳಲ್ಲಿ ನೆಂಟರು ಬಂದು ಹೋಗುವಾಗ ‘ಏನು ಮಾಡೋದಮ್ಮ, ಕರ್ಮ’ ಅಂದುಬಿಡುತ್ತಾರಲ್ಲ, ಆ ಮಾತು ಮನಸ್ಸಿನಲ್ಲಿ ಕೂತುಬಿಡುತ್ತದೆ. ಕ್ರೈಸ್ತರಾದ ನಾವೂ ಅದನ್ನು ಬೇರೆ ಶಬ್ದದಲ್ಲಿ ಹೇಳುತ್ತೇವೆ. ‘ತೀರಿತು’ ಎಂಬ ಮಾತು ಆ ಭಯವನ್ನು ಬುಡಸಮೇತ ಕಿತ್ತುಹಾಕುತ್ತದೆ. ಅಕ್ಕ ಕಟ್ಟುತ್ತಿರುವುದು ಯಾವ ಬಾಕಿಯೂ ಅಲ್ಲ. ಅವರ ಒಂದೊಂದು ದಿನದ ದುಡಿಮೆಯನ್ನು ಬರೆದುಕೊಂಡು ಉಳಿದದ್ದೆಷ್ಟು ಎಂದು ಕೂಡಿಸುತ್ತಾ ಕೂತ ದೇವರು ಇಲ್ಲ. ಸಾಲ ಒಮ್ಮೆಗೇ ತೀರಿದೆ. ಈಗ ಅವರು ಹೊರುತ್ತಿರುವುದನ್ನು ಪ್ರೀತಿಯಿಂದ ಹೊರುತ್ತಿದ್ದಾರೆ, ಹಾಗಾಗಿ ಅದು ಕ್ರಿಸ್ತ ಹೊತ್ತದ್ದಕ್ಕೆ ನಂಟು.

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಗುಂಪಿನ ಹಿರಿಯರೊಬ್ಬರು ಇಲ್ಲಿ ತಂದರು. ಒಳ್ಳೆಯ ಗಾದೆ. ಆದರೆ ಇಬ್ರಿಯ 11ನೇ ಅಧ್ಯಾಯ ಅದಕ್ಕಿಂತ ಕಷ್ಟದ ಮಾತಾಡುತ್ತದೆ. ತಾಳಿಯೂ ಈ ಲೋಕದಲ್ಲಿ ಬಾಳದವರ ಪಟ್ಟಿಯೇ ಅಲ್ಲಿದೆ. ಕಲ್ಲೆಸೆತಕ್ಕೆ ಸತ್ತವರು, ಕುರಿಯ ಚರ್ಮ ಹೊದ್ದು ಗುಡ್ಡಗಳಲ್ಲಿ ಅಲೆದವರು. ವಾಗ್ದಾನದ ಫಲ ಕಾಣದೆಯೇ ಅವರು ಹೋದರು ಎನ್ನುತ್ತದೆ 39ನೇ ವಚನ. ಸೈರಣೆಗೆ ಈ ಜನ್ಮದಲ್ಲೇ ಬಹುಮಾನ ಸಿಗುತ್ತದೆಂದು ಬೈಬಲ್ ಭರವಸೆ ಕೊಡುವುದಿಲ್ಲ. ಅದು ಕೊಡುವುದು ನಿರೀಕ್ಷೆ. ರೋಮಾ 5:3-4ರಲ್ಲಿ ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಒರೆಗೆ ಹಚ್ಚಿದ ಚಿನ್ನದಂಥ ಗುಣ, ಅದರಿಂದ ನಿರೀಕ್ಷೆ ಎಂದು ಪೌಲ ಮೆಟ್ಟಿಲು ಕಟ್ಟುತ್ತಾನೆ. ಎಂಟನೆಯ ವಚನದಲ್ಲಿ ಆ ಮೆಟ್ಟಿಲಿಗೆ ಆಧಾರ ಯಾವುದೆಂದು ತೋರಿಸುತ್ತಾನೆ: ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗೋಸ್ಕರ ಪ್ರಾಣ ಕೊಟ್ಟರು.

ಇಳಿದು ಬರಬಹುದಿತ್ತು

ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿಯ ಇಗರ್ಜಿ ನೋಡಲು ಹೋಗದ ಹಾಸನದವರು ಕಡಿಮೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು, ಗುಡಿ ಮಳೆಗಾಲದಲ್ಲಿ ನೀರಿಗೆ ಹೋಗಿ ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಚಾವಣಿ ಇಲ್ಲ, ಕಮಾನುಗಳಿವೆ. ಗುಂಪಿನ ಕಿರಿಯನೊಬ್ಬ ಅದರ ಫೋಟೊ ತೋರಿಸಿ “ಸೈರಣೆ ಅಂದ್ರೆ ಇದು ಅಲ್ವಾ ಅಣ್ಣ?” ಎಂದ. ಚೆಂದದ ಮಾತು, ಆದರೆ ಒಂದು ವ್ಯತ್ಯಾಸವಿದೆ. ಗೋಡೆಗೆ ಎದ್ದು ಹೋಗುವ ದಾರಿ ಇರಲಿಲ್ಲ. ಯೇಸುಸ್ವಾಮಿಗೆ ಇತ್ತು. ಮಾರ್ಕ 15ರಲ್ಲಿ ದಾರಿಹೋಕರೂ ಮಹಾಯಾಜಕರೂ ‘ಶಿಲುಬೆಯಿಂದ ಇಳಿದು ಬಾ’ ಎಂದು ಎರಡು ಸಲ ಅಣಕಿಸುತ್ತಾರೆ. ಮತ್ತಾಯ 26:53ರ ಪ್ರಕಾರ ಕೇಳಿದ್ದರೆ 12 ದಂಡುಗಳಿಗಿಂತ ಹೆಚ್ಚು ದೇವದೂತರು ಬರುತ್ತಿದ್ದರು. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ, ಮಾರ್ಕನ ಲೆಕ್ಕದಲ್ಲಿ ಆರು ಗಂಟೆ, ಇಳಿಯಬಹುದಾಗಿದ್ದೂ ಇಳಿಯದೆ ಉಳಿದರು. ಮೊಳೆಗಿಂತ ಗಟ್ಟಿಯಾದದ್ದೊಂದು ಅವರನ್ನು ಅಲ್ಲಿ ಹಿಡಿದಿತ್ತು.

ಆ ಆರು ಗಂಟೆ ಅವರು ಶಾಂತವಾಗಿ ಇದ್ದರು ಎಂದು ಯಾರೂ ಭಾವಿಸಬೇಡಿ. ‘ಎಲೋಹಿ, ಎಲೋಹಿ, ಲಮಾ ಸಬಕ್ತಾನಿ’ ಎಂದು ಗಟ್ಟಿಯಾಗಿ ಕೂಗಿದರು. ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಅದು 22ನೇ ಕೀರ್ತನೆಯ ಮೊದಲ ಸಾಲು. ಆ ಕೀರ್ತನೆ ದೇವರು ಕಾರ್ಯವನ್ನು ನೆರವೇರಿಸಿದ್ದಾನೆ ಎಂಬ ಮಾತಿನಲ್ಲಿ ಮುಗಿಯುತ್ತದೆ. ಅದನ್ನು ಹಿಡಿದು ಕೆಲವರು ಆ ಕೂಗನ್ನು ಹಗುರ ಮಾಡಿಬಿಡುತ್ತಾರೆ, ಮನಸ್ಸಿನಲ್ಲಿ ಕೊನೆಯ ಸಾಲೇ ಇತ್ತು ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಾಯಿಂದ ಬಂದದ್ದು ಮೊದಲ ಸಾಲು. ಆದರೆ ಆ ಕೂಗಿನಲ್ಲೂ ‘ನನ್ನ ದೇವರೇ’ ಎಂಬ ‘ನನ್ನ’ ಬಿಟ್ಟುಹೋಗಿಲ್ಲ. ರಾತ್ರಿ ಮೂರು ಗಂಟೆಗೆ ಗಂಡನ ಮಗ್ಗುಲು ಬದಲಿಸಿ ಮಲಗಿಸಿದ ಮೇಲೆ ಅಕ್ಕ ದೇವರನ್ನು ಬೈದದ್ದುಂಟಂತೆ. ಅದು ಪಾಪವಾಯಿತೇನೋ ಎಂದು ಕೇಳಿದರು. ಶಿಲುಬೆಯ ಮೇಲಿನ ಕೂಗು ಬೈಬಲಿನಲ್ಲೇ ಇರುವಾಗ ಅವರ ಕೂಗಿಗೂ ದೇವರ ಹತ್ತಿರ ಜಾಗವಿದೆ.

ಒಂದು ಎಚ್ಚರಿಕೆ

ಇದನ್ನು ಹೇಳದೆ ಈ ಟಿಪ್ಪಣಿ ಕಳಿಸಲಾರೆ. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ ಹೇಳಿಕೊಂಡ ಹೆಣ್ಣುಮಗಳಿಗೆ ‘ಅದು ನಿನ್ನ ಶಿಲುಬೆ, ಹೊತ್ತುಕೋ’ ಎಂದವರನ್ನು ನಾನು ಕಂಡಿದ್ದೇನೆ. ಇದು ಶಿಲುಬೆಯ ಹೆಸರು ಕೆಡಿಸುವ ಮಾತು. ಇನ್ನೊಬ್ಬರ ಬೆನ್ನಿಗೆ ಹೊರೆ ಏರಿಸಿ ತಾವು ಬೆರಳೂ ಮುಟ್ಟಿಸದವರ ಬಗ್ಗೆ ಯೇಸುಸ್ವಾಮಿ ಏನು ಹೇಳಿದರೆಂದು ಮತ್ತಾಯ 23:4ರಲ್ಲಿ ಓದಿ. ನಜರೇತಿನಲ್ಲಿ ಜನ ಗುಡ್ಡದಿಂದ ತಳ್ಳಲು ಬಂದಾಗ ಅವರು ನಡುವೆಯೇ ಹಾದು ಹೊರಟುಹೋದರು (ಲೂಕ 4:30). ಒಂದೂರಲ್ಲಿ ಹಿಂಸೆ ಕೊಟ್ಟರೆ ಇನ್ನೊಂದೂರಿಗೆ ಓಡಿ ಎಂದು ಶಿಷ್ಯರಿಗೆ ಹೇಳಿದರು (ಮತ್ತಾಯ 10:23). ದಮಸ್ಕದಲ್ಲಿ ಪೌಲನನ್ನು ಪುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಇನ್ನೊಮ್ಮೆ ಚಾಟಿಯೇಟಿಗೆ ಕಟ್ಟುವಾಗ ಅವನು ತಾನು ರೋಮಿನ ಪ್ರಜೆ ಎಂಬ ಹಕ್ಕನ್ನು ಎತ್ತಿದ. ಸೈರಣೆಗೂ ಅನ್ಯಾಯಕ್ಕೆ ಕತ್ತು ಕೊಡುವುದಕ್ಕೂ ನಂಟಿಲ್ಲ. ಅಂಥ ಮನೆಯಿಂದ ಹೊರಬರುವುದು ನಂಬಿಕೆ ಬಿಟ್ಟಂತೆ ಆಗುವುದಿಲ್ಲ. ಹಾಗೆ ಬಂದವರಿಗೆ ಬಾಗಿಲು ತೆರೆಯುವುದು ನಮ್ಮ ಮೇಲಿರುವ ಹೊರೆ.

ಕೊನೆಗೆ ಸಿಮೋನನ ಮಾತು

ಯೇಸುಸ್ವಾಮಿಯ ಕೊನೆಯ ನಡಿಗೆಯನ್ನು ನೆನೆದು ಪ್ರಾರ್ಥಿಸುವ ಶಿಲುಬೆ ಹಾದಿಯ 14 ಸ್ಥಳಗಳಲ್ಲಿ ಐದನೆಯದು ಕುರೇನ್ಯದ ಸಿಮೋನನದು. ಯೇಸುಸ್ವಾಮಿ ಮೂರು ಸಲ ಬಿದ್ದದ್ದು ಸುವಾರ್ತೆಗಳಲ್ಲಿಲ್ಲ, ಭಕ್ತಿಪರಂಪರೆಯಿಂದ ಬಂದದ್ದು. ಆದರೆ ಸಿಮೋನ ಮಾರ್ಕ 15:21ರಲ್ಲೇ ಇದ್ದಾನೆ. ಹೊಲದ ಕಡೆಯಿಂದ ಬರುತ್ತಿದ್ದವನನ್ನು ಸೈನಿಕರು ಹಿಡಿದು ಹೊರಿಸಿದರು. ಅವನು ಒಪ್ಪಿ ಹೊತ್ತದ್ದಲ್ಲ, ಬಿಟ್ಟಿ ಕೆಲಸ. ಶಿಷ್ಯರಲ್ಲಿ ಬಹುಮಂದಿ ಆಗಲೇ ಓಡಿಹೋಗಿದ್ದರು. ಉಳಿದವರು ಹೆಂಗಸರು. ಏನೂ ಮಾಡಲಾಗದೆ ದೂರದಲ್ಲಿ ನಿಂತು ನೋಡುತ್ತಿದ್ದರು ಎಂದು ಮಾರ್ಕ ಬರೆಯುತ್ತಾನೆ. ನಿಂತಿದ್ದರು, ಅಷ್ಟೇ. ‘ಮೆನೊ’ ಎಂಬ ಪದಕ್ಕೆ ಅದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ.

ಅಕ್ಕ ಇಲ್ಲಿ ತಡೆದು “ನನ್ನನ್ನೂ ಯಾರೂ ಕೇಳಿ ಹೊರಿಸ್ಲಿಲ್ಲ” ಎಂದರು. ನಿಜ, ಸಿಮೋನನನ್ನೂ ಯಾರೂ ಕೇಳಲಿಲ್ಲ. ಆದರೆ ಮಾರ್ಕ ಅವನನ್ನು ಪರಿಚಯಿಸುವ ರೀತಿ ನೋಡಿ: ‘ಅಲೆಕ್ಸಾಂದ್ರ ಮತ್ತು ರೂಫರ ತಂದೆ’. ಓದುವವರಿಗೆ ಆ ಮಕ್ಕಳು ಗೊತ್ತಿದ್ದವರು, ಸಭೆಯಲ್ಲಿ ಓಡಾಡಿಕೊಂಡಿದ್ದವರು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲನೂ ಒಬ್ಬ ರೂಫನಿಗೆ ವಂದನೆ ಹೇಳುತ್ತಾನೆ (16:13). ಅವನೇ ಇವನು ಎಂದು ಬಹಳ ಹಿಂದಿನಿಂದ ಓದುಗರು ಎಣಿಸುತ್ತಾ ಬಂದಿದ್ದಾರೆ. ವಂದನೆ ರೂಫನೊಬ್ಬನಿಗೇ ಅಲ್ಲ, ಅವನ ತಾಯಿಗೂ. ಆಕೆ ನನಗೂ ತಾಯಿಯೇ ಎನ್ನುತ್ತಾನೆ ಪೌಲ.

ಅಕ್ಕ ಆ ವಚನವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಯಜಮಾನರಿಗೆ ಊಟ ಕೊಡುವ ಹೊತ್ತಾಯಿತೆಂದು ಎದ್ದರು. ಗುಂಪಿನ ಇಬ್ಬರು ಅವರ ಜೊತೆಗೇ ಹೋದರು, ಆ ರಾತ್ರಿ ಮಗ್ಗುಲು ಬದಲಿಸುವುದಕ್ಕೆ ತಾವಿರುತ್ತೇವೆ ಎಂದು.